ಮೇಲಿನಿಂದ ಬಿಟ್ಟ ಹನಿ

ಮಣಿಕೊಂಡ, ಹೈದರಾಬಾದ್
6 ನವೆಂಬರ್ 2022, ಭಾನುವಾರ

ಅತ್ತೀ,

ಸುಮಂಗಲಾ ಮಾಡುವ ನಮಸ್ಕಾರ. ನಾನು ಇಲ್ಲಿಗೆ ಬಂದು ಹದಿನೈದು ದಿನವಾಯಿತು, ಇವತ್ತು ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಫೋನಿನಲ್ಲಿ ಮಾತಾಡಿದರೆ ನಿನಗೆ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಬರೆದು ಕಳಿಸಿದರೆ "ಇರುವಿ ಸಾಲು ಹೊಂಟಂಗ ಕಾಣತೈತಿ" ಅನ್ನುತ್ತೀ. ನಮ್ಮಿಬ್ಬರಿಗೂ ಈ ನೀಲಿ ಇನ್‌ಲ್ಯಾಂಡ್ ಪತ್ರವೇ ಗತಿ.

ಅಪ್ಪ, ಅವ್ವ ಆರಾಮಿದ್ದಾರೆ. ಅಪ್ಪ ಗೌಂಡಿ ಕೆಲಸ ಮಾಡುತ್ತಿರುವ ಕಟ್ಟಡ ಹನ್ನೆರಡನೇ ಅಂತಸ್ತಿಗೆ ಬಂದಿದೆ. ನಾವಿರುವುದು ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮೂರು ವರ್ಷದವಳಿದ್ದಾಗ ನನ್ನನ್ನು ಮುದಗಲ್ಲಿನಲ್ಲಿ ಅಕ್ಕನಾದ ನಿನ್ನ ಮಡಿಲಿಗೆ ಹಾಕಿ ದುಡಿಯಲು ಬಂದವರು, ಇಪ್ಪತ್ತೆರಡು ವರ್ಷದ ಮಗಳ ಜೊತೆ ಹೇಗೆ ಮಾತಾಡಬೇಕೆಂದು ಈಗ ಕಲಿಯುತ್ತಿದ್ದಾರೆ. ಅಪ್ಪ ದಿನಾ ಸಂಜೆ "ಊಟ ಆತೇನವ್ವಾ" ಎಂದು ಕೇಳಿ, ಮುಂದೆ ಏನು ಕೇಳಬೇಕೋ ತಿಳಿಯದೆ ಹೊರಗೆ ಹೋಗುತ್ತಾರೆ.

ನಾನು ಕಲಿಯುವ ಆಸ್ಪತ್ರೆ ಸಿಕಂದರಾಬಾದಿನಲ್ಲಿದೆ. ಎರಡು ಬಸ್ಸು ಹತ್ತಬೇಕು. ಆರು ತಿಂಗಳ ತರಬೇತಿ, ಕೊನೆಗೆ ಒಂದು ಪರೀಕ್ಷೆ. ಪಾಸಾದರೆ ಅಲ್ಲೇ ಟೆಕ್ನಿಷಿಯನ್ ಕೆಲಸ ಸಿಗುವುದು ಬಹುತೇಕ ಖಚಿತ. ನಮ್ಮ ಲ್ಯಾಬಿನ ಹಿರಿಯರು ಶಾಂಭವಿ ಮೇಡಂ, ಬೀದರಿನವರು. ಮೊದಲ ಎರಡು ದಿನ ಬರೀ ಕೈ ತೊಳೆಯುವುದನ್ನು ಕಲಿಸಿದರು. ಮೂರನೇ ದಿನ ಹಕ್ಕಿಯ ಕೊಕ್ಕಿನಂಥ ಮಾಸ್ಕ್ ಕೊಟ್ಟರು. ರಕ್ತ, ಸಕ್ಕರೆ, ಉಚ್ಚೆ ಎಲ್ಲ ನೋಡುವ ಜಾಗ ಅಂದುಕೋ. ನೀನು ಚಿಂತೆ ಮಾಡಬೇಡ.

ನಿನ್ನ
ಸುಮಿ


ಮುದಗಲ್
17 ನವೆಂಬರ್ 2022

ಸುಮೀ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಎಲ್ಲಿ ಸುಳ್ಳು ಬರೆದಿದ್ದೀ ಎಂದು ನೋಡಲಿಕ್ಕೆ. ಅಂಗನವಾಡಿಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳನ್ನು ನೋಡಿದವಳು ನಾನು. ಯಾವ ಮಗು ಉಂಡಿದೆ, ಯಾವುದು ಉಂಡೆ ಅನ್ನುತ್ತದೆ ಎಂದು ಮುಖ ನೋಡಿ ಹೇಳುತ್ತಿದ್ದೆ. ನಿನ್ನದು ಅಕ್ಷರ ನೋಡಿದರೆ ಸಾಕು.

ಸಕ್ಕರೆ ನೋಡಲು ಕೊಕ್ಕಿನ ಮಾಸ್ಕ್ ಯಾಕೆ ಬೇಕು? ಆ ಮಾಸ್ಕ್ ನಾನು ರಾಯಚೂರಿನ ಆಸ್ಪತ್ರೆಯಲ್ಲಿ ನೋಡಿದ್ದೇನೆ, ಕೊರೋನಾ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಯಾವ ವಾರ್ಡಿನಲ್ಲಿ ಎಂದು ನಿನಗೂ ಗೊತ್ತು.

ಚಟ್ನಿಪುಡಿ ಮಾಡಿದ್ದೇನೆ, ಶೇಂಗಾದ್ದು ಒಂದು, ಅಗಸಿದ್ದು ಒಂದು. ಹೈದರಾಬಾದಿಗೆ ಬರುವ ಯಾರಾದರೂ ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ಖರೇ ಏನಿದೆಯೋ ಅದನ್ನು ಬರಿ.

ಸುಗಲಮ್ಮ


ಮಣಿಕೊಂಡ
4 ಡಿಸೆಂಬರ್ 2022, ಭಾನುವಾರ

ಅತ್ತೀ,

ಸಿಕ್ಕಿಬಿದ್ದೆ. ಹೌದು, ನನ್ನನ್ನು ಹಾಕಿದ್ದು ಟಿ.ಬಿ. ವಿಭಾಗಕ್ಕೆ. ಹಾಕಿದ್ದೇನು, ನಾನೇ ಕೇಳಿಕೊಂಡೆ. ಎರಡು ಸಲ ನಿನಗೆ ಬಂದ ರೋಗ, ಎರಡನೇ ಸಲದ ಸೂಜಿಗಳಲ್ಲಿ ನಿನ್ನ ಕಿವಿ ತೆಗೆದುಕೊಂಡ ರೋಗ. ಅದು ನೋಡಲು ಹೇಗಿರುತ್ತದೆ ಎಂದು ಒಂದು ಸಲ ನೋಡಬೇಕಿತ್ತು. ನೋಡಿದೆ. ಇಷ್ಟೇ ಇಷ್ಟು ಕೆಂಪು ಕಡ್ಡಿ, ಸ್ವಲ್ಪ ಬಾಗಿದ್ದು. ಸಿಟ್ಟು ಬಂತು. ಇಷ್ಟು ಸಣ್ಣದಾ ಅನ್ನಿಸಿತು.

ಕೆಲಸ ಹೇಗೆ ಗೊತ್ತಾ? ಕಫವನ್ನು ಸ್ಲೈಡಿನ ಮೇಲೆ, ಅಂದರೆ ಬೆರಳುದ್ದದ ಗಾಜಿನ ಮೇಲೆ, ತೆಳ್ಳಗೆ ಸವರಬೇಕು. ಒಣಗಿದ ಮೇಲೆ ಕೆಂಪು ಬಣ್ಣ ಹುಯ್ದು ಕೆಳಗಿನಿಂದ ಉರಿ ಹಿಡಿಯಬೇಕು. ಆವಿ ಏಳಬೇಕು, ಕುದಿಯಬಾರದು. ಆಸಿಡ್ ಹಾಕಿ ತೊಳೆದರೆ ಉಳಿದ ಎಲ್ಲದರ ಬಣ್ಣ ಬಿಟ್ಟುಹೋಗುತ್ತದೆ, ಟಿ.ಬಿ. ಹುಳದ್ದು ಮಾತ್ರ ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ. ನೀಲಿ ಬಯಲಿನಲ್ಲಿ ಕೆಂಪು ಕಡ್ಡಿ ಹುಡುಕುವುದು ನನ್ನ ಕೆಲಸ. ಒಂದು ಸ್ಲೈಡಿನಲ್ಲಿ ನೂರು ಕಡೆ ನೋಡಬೇಕು.

ಹುಳವನ್ನು ಬೆಳೆಸುವುದನ್ನೂ ಕಲಿಯುತ್ತಿದ್ದೇನೆ. ಅದಕ್ಕೆ ಊಟ ಏನು ಗೊತ್ತಾ, ಕೋಳಿಮೊಟ್ಟೆ! ಮೊಟ್ಟೆ ಒಡೆದು, ಹಸಿರು ಬಣ್ಣ ಬೆರೆಸಿ, ಸಣ್ಣ ಬಾಟಲಿಗಳಲ್ಲಿ ಓರೆಯಾಗಿ ಗಟ್ಟಿ ಮಾಡಿ, ಅದರ ಮೇಲೆ ಕಫ ಬಿತ್ತುತ್ತೇವೆ. ಎಂಟು ವಾರ ಕಾಯಬೇಕು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೊಟ್ಟೆ ಒಡೆಯುತ್ತಿದ್ದಾಳೆ ಎಂದು ನೀನು ಅಂಗಳದಲ್ಲಿ ಹೇಳಿಕೊಂಡು ತಿರುಗಬೇಡ.

ಇನ್ನೊಂದು ಮಾತು, ಇದು ನಿನಗೆ ಹೆಮ್ಮೆಯದು. ಸೂಕ್ಷ್ಮದರ್ಶಕದಲ್ಲಿ ನೋಡುವ ಮುಂಚೆ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಹಾಕಬೇಕು. ಉಳಿದ ಹುಡುಗಿಯರು ಮೇಲಿನಿಂದ ಬಿಟ್ಟು ಅರ್ಧ ಚೆಲ್ಲುತ್ತಾರೆ. ನಾನು ಬಾಟಲಿಯ ಗಾಜಿನ ಕಡ್ಡಿಯನ್ನು ಸ್ಲೈಡಿಗೆ ಮೆಲ್ಲಗೆ ತಾಕಿಸಿ ಎಳೆಯುತ್ತೇನೆ. ನೀನು ರೊಟ್ಟಿಗೆ ಕುಸುಬಿ ಎಣ್ಣೆ ಹಾಕುವಾಗ ಚಮಚದ ತುದಿ ತಾಕಿಸಿ ಕೊನೆಯ ಹನಿಯನ್ನೂ ರೊಟ್ಟಿಗೇ ಉಣ್ಣಿಸುತ್ತಿದ್ದೆಯಲ್ಲ, ಹಾಗೆ. ಎಲ್ಲರ ಎಣ್ಣೆ ಬಾಟಲಿ ಮುಗಿದರೂ ನನ್ನದು ಅರ್ಧ ಇದೆ.

ಪಕ್ಕದ ಶೆಡ್ಡಿನಲ್ಲಿ ಸುರಪುರದ ಕಡೆಯ ಶಿವದೇವಿ ಅಂತ ಇದ್ದಾಳೆ. ನನ್ನಷ್ಟೇ ವಯಸ್ಸು, ಏಳು ತಿಂಗಳ ಮಗಳಿದ್ದಾಳೆ, ಹೆಸರು ಮಂದಾರ. ಶಿವದೇವಿಗೆ ಮೂರು ವಾರದಿಂದ ಕೆಮ್ಮು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಸಲ ಕಫ ಕೊಟ್ಟಳು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ನನಗೆ ನಾಲ್ಕು ಕೆಂಪು ಕಡ್ಡಿ ಕಂಡವು! ಮೇಡಂ ಕೂಡ ಕಣ್ಣಿಟ್ಟು ನೋಡಿ, "ಭಾಳ ಚಲೋ ಹುಡುಕಿದಿ ನೋಡವ್ವಾ" ಎಂದರು. ರೋಗವನ್ನು ಖಚಿತ ಮಾಡುವ ಜೀನ್ ಪರೀಕ್ಷೆಯ ಯಂತ್ರ ಇದೆ, ಆದರೆ ಅದಕ್ಕೆ ಬೇಕಾದ ಕಾರ್ಟ್ರಿಜ್ ಖಾಲಿಯಾಗಿದೆ. ನಮ್ಮ ಸ್ಲೈಡನ್ನೇ ನಂಬಿ ಡಾಕ್ಟರು ಗುಳಿಗೆ ಶುರು ಮಾಡಿದ್ದಾರೆ. ಅವಳ ಕಫವನ್ನು ಅಭ್ಯಾಸಕ್ಕೆಂದು ನಾನೇ ಹಸಿರು ಬಾಟಲಿಯಲ್ಲೂ ಬಿತ್ತಿದ್ದೇನೆ. ನಾನು ಹಿಡಿದ ಮೊದಲ ರೋಗ ಇದು, ಅತ್ತೀ.

ಬೇಗ ಬರಿ.
ಸುಮಿ


ಮಣಿಕೊಂಡ
8 ಜನವರಿ 2023, ಭಾನುವಾರ

ಅತ್ತೀ,

ಒಂದು ತಿಂಗಳ ಮೇಲಾಯಿತು, ನಿನ್ನ ಉತ್ತರವಿಲ್ಲ. ಚಟ್ನಿಪುಡಿ ಬಂತು. ಡಬ್ಬಿಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಟಿ.ಬಿ. ವಿಭಾಗ ಅಂದದ್ದಕ್ಕೆ ನಿನಗೆ ಸಿಟ್ಟು ಬಂದಿದೆ ಎಂದು ತಿಳಿಯಿತು. ನಿನ್ನ ಸಿಟ್ಟು ನನಗೆ ಹೊಸದೇನಲ್ಲ. ನಾನು ಎಂಟು ವರ್ಷದವಳಿದ್ದಾಗ ಒಂದು ದಿನ ನೀನು ಇದ್ದಕ್ಕಿದ್ದಂತೆ ನನ್ನ ತಾಟು ಬೇರೆ ಮಾಡಿದೆ. ಅಲ್ಲಿಯವರೆಗೆ ಒಂದೇ ತಾಟಿನಲ್ಲಿ ಉಂಡವರು ನಾವು. ಹಾಸಿಗೆ ಬೇರೆ ಮಾಡಿದೆ. ಜಡೆ ಹಾಕಲು ಪಕ್ಕದ ಮನೆಗೆ ಕಳಿಸಿದೆ. ಯಾಕೆ ಎಂದು ಕೇಳಿದರೆ "ದೊಡ್ಡಾಕಿ ಆಗಿದಿ" ಅಂದೆ. ನಾನು ಏನು ತಪ್ಪು ಮಾಡಿದ್ದೆ ಎಂದು ಇವತ್ತಿಗೂ ಗೊತ್ತಿಲ್ಲ. ತಮ್ಮನ ಮಗಳನ್ನು ಸಾಕಿ ಸಾಕಾಗಿರಬೇಕು ಅಂದುಕೊಂಡೆ. ಹದಿನಾಲ್ಕು ವರ್ಷದಿಂದ ಮತ್ತೆ ಕೇಳಬೇಕೆಂದಿದ್ದೆ.

ಇಲ್ಲೂ ಅದೇ ನಡೆದಿದೆ. ಶಿವದೇವಿಯ ಅತ್ತೆ ಗದಿಗೆಮ್ಮ ಊರಿಂದ ಬಂದು ಮಂದಾರಳನ್ನು ಎತ್ತಿಕೊಂಡು ಹೋಗಿಬಿಟ್ಟಳು. ತಾಯಿ ಮಾಸ್ಕ್ ಕಟ್ಟಿಕೊಂಡು ಹಾಲು ಕುಡಿಸಬಹುದು ಎಂದು ಆಸ್ಪತ್ರೆಯ ಸಿಸ್ಟರ್ ಎಷ್ಟು ಹೇಳಿದರೂ ಕೇಳಲಿಲ್ಲ. "ರಿಪೋರ್ಟಿನ್ಯಾಗ ಐತಿ ಅಂತ ಬರದೈತಿ, ಮತ್ತೇನ್ ಹೇಳ್ತಿ ನೀ" ಅಂದಳು. ಆ ರಿಪೋರ್ಟ್ ಬರೆದವಳು ನಾನೇ. ಶಿವದೇವಿಯ ಎದೆ ಕಟ್ಟಿಕೊಂಡು ಜ್ವರ ಬಂದಿತ್ತು. ಕೆಮ್ಮೇನೋ ಹದಿನೈದು ದಿನದಲ್ಲಿ ನಿಂತಿತು, ಗುಳಿಗೆ ತಾಗಿತು ಎಂದು ನಾನು ಸಮಾಧಾನ ಹೇಳುತ್ತೇನೆ. ಅವಳು ಮಗುವಿನ ಖಾಲಿ ಜೋಳಿಗೆ ತೊಟ್ಟಿಲು ತೂಗುತ್ತಾ ಕೂತಿರುತ್ತಾಳೆ.

ಬರೆಯುವ ಮನಸ್ಸಿದ್ದರೆ ಬರಿ.

ಸುಮಂಗಲಾ


ಮುದಗಲ್
16 ಜನವರಿ 2023

ಸುಮೀ,

ನಿನ್ನ ಕಾಗದ ಓದಿ, ಸಂಕ್ರಾಂತಿಗೆ ಮಾಡಿದ ಮಾದಲಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ಸಿಟ್ಟಲ್ಲ ಹುಚ್ಚೀ, ಹೆದರಿಕೆ. ನಾಲ್ಕು ಸಲ ಬರೆಯಲು ಕೂತೆ. ಬಿಟ್ಟು ಬಾ ಎಂದು ಬರೆಯಬೇಕು ಅನ್ನಿಸುತ್ತಿತ್ತು. ಹಾಗೆ ಬರೆಯಬಾರದೆಂದು ಗೊತ್ತಿತ್ತು. ಅದಕ್ಕೇ ಏನೂ ಬರೆಯಲಿಲ್ಲ.

ಈಗ ತಾಟಿನ ಮಾತು. ನಿನಗೆ ಎಂಟು ವರ್ಷವಿದ್ದಾಗ ನನಗೆ ಎರಡನೇ ಸಲ ಬಂದಿತ್ತು. ವಾರಕ್ಕೆ ಮೂರು ಸೂಜಿ, ಎರಡು ತಿಂಗಳು. ಸೂಜಿಗೆ ಹೋಗುವಾಗ ಮಸ್ಕಿಗೆ ಮೀಟಿಂಗ್ ಅಂತ ನಿನಗೆ ಹೇಳುತ್ತಿದ್ದೆ. ಗೊತ್ತಾದರೆ ನೀನು ಶಾಲೆಯಲ್ಲಿ ಹೇಳುತ್ತೀ, ಅಂಗನವಾಡಿಗೆ ಮಕ್ಕಳನ್ನು ಕಳಿಸುವುದಿಲ್ಲ, ನಿಮ್ಮಪ್ಪ ನಿನ್ನನ್ನು ಕರೆದುಕೊಂಡು ಹೋಗುತ್ತಾನೆ. ಈ ಮೂರನೆಯದಕ್ಕೇ ಹೆಚ್ಚು ಹೆದರಿದ್ದೆ. ಕಿವಿ ಹೋದದ್ದನ್ನು ಮಾತ್ರ ಮುಚ್ಚಿಡಲು ಆಗಲಿಲ್ಲ. ಸೂಜಿಯ ಸಂಗತಿ ನಿನಗೆ ತಿಳಿದದ್ದೇ ಕಾಲೇಜಿಗೆ ಹೋದ ಮೇಲೆ. ತಾಟು ಬೇರೆ ಮಾಡಿದ್ದೂ ಅದೇ ಕಾರಣಕ್ಕೆ ಎಂದು ನೀನೇ ಅರ್ಥ ಮಾಡಿಕೊಂಡಿರುತ್ತೀ ಅಂದುಕೊಂಡಿದ್ದೆ. ನಾನೇ ಬಾಯಿ ಬಿಟ್ಟು ಹೇಳಬೇಕಿತ್ತು.

ನೀನು ಉಣ್ಣಲು ಕೂತರೆ ನನಗೆ ಒಂದೇ ಯೋಚನೆ. ಚಮಚ ನನ್ನದು, ರೊಟ್ಟಿ ನಿನ್ನದು. ಆ ವರ್ಷ ನಾನು ಒಂದು ದಿನವೂ ಚಮಚ ತಾಕಿಸಿ ಎಣ್ಣೆ ಹಾಕಲಿಲ್ಲ, ಸುಮಿ. ಗೇಣು ಎತ್ತರದಿಂದ ಬಿಡುತ್ತಿದ್ದೆ. ಅರ್ಧ ತಾಟಿಗೆ ಬೀಳುತ್ತಿತ್ತು. "ಎಣ್ಣಿ ಚೆಲ್ಲಾಕತ್ತಿ ನೋಡು" ಎಂದು ನೀನು ನನಗೇ ಬೈಯುತ್ತಿದ್ದೆ. ಚೆಲ್ಲಿದರೆ ಚೆಲ್ಲಲಿ, ನನಗೆ ತಾಕಿದ್ದು ನಿನಗೆ ತಾಕಬಾರದು ಅಂತಿತ್ತು.

ವಾಸಿಯಾದ ಮೇಲೂ ಹೆದರಿಕೆ ಹೋಗಲಿಲ್ಲ. ಆಮೇಲೆ ನೀನು ದೊಡ್ಡವಳಾದೆ, ಬಾ ಒಂದೇ ತಾಟಿನಲ್ಲಿ ಉಣ್ಣೋಣ ಎಂದು ಕರೆಯಲು ನನಗೇ ನಾಚಿಕೆಯಾಯಿತು. ಸಾಕಿ ಸಾಕಾಯಿತು ಅಂತೀಯಲ್ಲ, ಆ ಸಾಲಿನ ಮೇಲೆ ಗೀಟು ಎಳೆದುಬಿಟ್ಟೆ.

ನಿನ್ನ ಅತ್ತಿ


ಮಣಿಕೊಂಡ
22 ಜನವರಿ 2023, ಭಾನುವಾರ

ಅತ್ತೀ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಓದುತ್ತಾ ಅತ್ತುಬಿಟ್ಟೆ. 'ಚಮಚ ತಾಕಿಸಲಿಲ್ಲ' ಎಂಬ ಸಾಲಿಗೆ ಬಂದಾಗ ಅಳು ನಿಂತುಹೋಯಿತು.

ರೋಗ ತಾಟಿನಿಂದ, ಚಮಚದಿಂದ ಹರಡುವುದಿಲ್ಲ ಅತ್ತೀ. ಕೆಮ್ಮಿದ ಗಾಳಿಯಿಂದ ಹರಡುತ್ತದೆ. ನೀನು ಸುಮ್ಮನೆ ಅಷ್ಟು ವರ್ಷ ಹೆದರಿದೆ. ಆದರೆ ನನ್ನ ಸ್ಲೈಡಿನ ಮಾತು ಬೇರೆ. ಒಂದು ಸ್ಲೈಡಿಗೆ ತಾಕಿದ ಎಣ್ಣೆ ಕಡ್ಡಿಯನ್ನು ನಾನು ಬಾಟಲಿಗೆ ಅದ್ದಿ ಮುಂದಿನ ಸ್ಲೈಡಿಗೆ ತಾಕಿಸುತ್ತೇನೆ. ಮೊದಲ ಸ್ಲೈಡಿನ ಹುಳ ಕಡ್ಡಿಗೆ ಅಂಟಿ ಎರಡನೆಯದಕ್ಕೆ ಹೋಗಬಹುದು.

'ಕಡ್ಡಿ ತಾಕಿಸಬಾರದು' ಎಂದು ಮೇಡಂ ಮೊದಲ ವಾರವೇ ಹೇಳಿದ್ದರು. ನನ್ನ ವಹಿಯಲ್ಲಿ ನನ್ನದೇ ಅಕ್ಷರದಲ್ಲಿ ಇದೆ. ಸವರಿದ ಕಫ ಗೀಚಿಹೋಗುತ್ತದೆ, ಅದಕ್ಕೆ ಹೇಳಿದ್ದಾರೆ ಎಂದು ತಿಳಿದೆ. ನನ್ನ ಕೈ ಮೆತ್ತಗಿದೆ, ಗೀಚುವುದಿಲ್ಲ ಎಂಬ ಸೊಕ್ಕು.

ಶಿವದೇವಿಯ ಸ್ಲೈಡಿಗಿಂತ ಮುಂಚೆ ಆ ದಿನ ನಾನು ನೋಡಿದ ಸ್ಲೈಡ್ ನೆನಪಿದೆ. ಒಬ್ಬ ಆಟೋದವರದು. ಅದರ ತುಂಬ ಕೆಂಪು ಕಡ್ಡಿ, ಎಣಿಸಲಿಕ್ಕೆ ಆಗದಷ್ಟು. ಅದು ಮುಗಿಸಿ, ಅದೇ ಎಣ್ಣೆ ಕಡ್ಡಿಯಿಂದ ಅವಳದಕ್ಕೆ ಎಣ್ಣೆ ಹಾಕಿದೆ. ಮೇಡಂ ನೋಡಿದಾಗಲೂ ಹುಳ ಇದ್ದದ್ದು ನಿಜ. ಆದರೆ ಅದು ಶಿವದೇವಿಯದಾಗಿರಲಿಲ್ಲವೇನೋ.

ನಾಳೆ ಹೇಳಬೇಕು. ಹೇಳಿದರೆ ತರಬೇತಿಯಿಂದ ತೆಗೆದುಹಾಕುತ್ತಾರೆ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರಬೇಕಾಗುತ್ತದೆ, ಅದೂ ಸಿಕ್ಕರೆ. ಅಪ್ಪ ಸೈಟಿನಲ್ಲಿ ಎಲ್ಲರಿಗೂ ನನ್ನ ಮಗಳು ಡಾಕ್ಟರು ಎಂದು ಹೇಳಿಕೊಂಡಿದ್ದಾರೆ, ಎಷ್ಟು ಸಲ ಅಲ್ಲ ಅಂದರೂ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶಿವದೇವಿ ಆರು ತಿಂಗಳು ಗುಳಿಗೆ ನುಂಗಿ 'ವಾಸಿ'ಯಾಗುತ್ತಾಳೆ. ನನಗೆ ಥ್ಯಾಂಕ್ಸ್ ಕೂಡ ಹೇಳುತ್ತಾಳೆ. ಆಗ ಮಂದಾರ ನಡೆಯುತ್ತಿರುತ್ತಾಳೆ, ಬೇರೆ ಯಾರಿಗೋ ಅವ್ವ ಅನ್ನುತ್ತಿರುತ್ತಾಳೆ.

ನನಗೆ ಭಾಳ ಹೆದರಿಕೆಯಾಗಿದೆ.

ಸುಮಿ


ಮುದಗಲ್
28 ಜನವರಿ 2023

ಸುಮೀ,

ಅಂಚೆ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಬೇಗ ಹಾಕಬೇಕು. ಅಂಚೆಯವನು ಓದಿದರೆ ಓದಲಿ.

ಹೋಗಿ ಹೇಳು. ನನ್ನ ಎರಡನೇ ಸಲದ ಗಾಜಿನಲ್ಲೂ ಬೇರೆಯವರ ಹುಳವೇ ಇತ್ತೇನೋ, ಇರಲಿಲ್ಲವೇನೋ. ನಿನ್ನ ಕಾಗದ ಓದಿದಾಗಿನಿಂದ ಇದೇ ಯೋಚನೆ. ಸರಿ ಇತ್ತು ಅಂತಲೂ ತಪ್ಪಾಗಿತ್ತು ಅಂತಲೂ ನನಗೆ ಯಾರೂ ಬಂದು ಹೇಳಲಿಲ್ಲ. ಆ ಹುಡುಗಿಗೆ ನೀನು ಹೇಳು. ಕೆಲಸ ಹೋದರೆ ಮುದಗಲ್ಲಿಗೆ ಬಾ. ಮನೆ ಇದೆ, ನಾನಿದ್ದೇನೆ.

ಅತ್ತಿ


ಮಣಿಕೊಂಡ
19 ಫೆಬ್ರವರಿ 2023, ಭಾನುವಾರ

ಅತ್ತೀ,

ನಿನ್ನ ಕಾರ್ಡ್ ಬಂದದ್ದು ಫೆಬ್ರವರಿ ಎರಡಕ್ಕೆ. ನಾನು ಹೇಳಿದ್ದು ಜನವರಿ ಇಪ್ಪತ್ತಮೂರಕ್ಕೆ, ಬೆಳಿಗ್ಗೆ ಲ್ಯಾಬ್ ತೆರೆಯುವ ಮುಂಚೆ. ಹಾಗಾಗಿ ಇದರಲ್ಲಿ ನಿನ್ನ ಪಾಲು ಅರ್ಧ ಮಾತ್ರ ಎಂದು ತಿಳಿದುಕೋ.

ಮೇಡಂ ಬಾಗಿಲ ಬೀಗದಲ್ಲಿ ಕೀಲಿ ಹಾಕಿದ್ದರು. ತಿರುಗಿಸದೆ ಹಾಗೇ ನಿಂತು ಪೂರ್ತಿ ಕೇಳಿದರು. ಆಮೇಲೆ, "ಎಷ್ಟ ಸ್ಲೈಡ್?" ಅಂದರು. ನಾನು ರಾತ್ರಿಯೇ ಪಟ್ಟಿ ಮಾಡಿಟ್ಟುಕೊಂಡಿದ್ದೆ. ತುಂಬ ಹುಳವಿದ್ದ ಸ್ಲೈಡಿನ ಬೆನ್ನಿಗೇ ನಾನು ನೋಡಿ, ಇದೆ ಎಂದು ಬರೆದದ್ದು ಐದು. ಐವರಿಗೂ ಮತ್ತೆ ಪರೀಕ್ಷೆಯಾಯಿತು. ಕಾರ್ಟ್ರಿಜ್ ಅಷ್ಟರಲ್ಲಿ ಬಂದಿದ್ದವು. ನಾಲ್ವರಿಗೆ ರೋಗ ಇದ್ದದ್ದು ಖರೇ. ಶಿವದೇವಿಯ ಯಂತ್ರದ ಪರೀಕ್ಷೆಯಲ್ಲಿ ಏನೂ ಬರಲಿಲ್ಲ, ಎಕ್ಸ್‌ರೇ ಸ್ವಚ್ಛ. ಆದರೆ ಏಳು ವಾರ ಗುಳಿಗೆ ನುಂಗಿದ್ದಾಳಲ್ಲ, ಅದರಿಂದ ವಾಸಿಯಾಗಿದ್ದರೆ? ಡಾಕ್ಟರು ಹಾಗೇ ಕೇಳಿದರು.

ಆಗ ನೆನಪಾದದ್ದು ಹಸಿರು ಬಾಟಲಿ. ಗುಳಿಗೆ ಶುರುವಾಗುವ ಮುಂಚೆ, ಅದೇ ಎರಡನೇ ಕಫವನ್ನು ನಾನು ಬಿತ್ತಿದ್ದು. ಆಟೋದವರ ಬಾಟಲಿಯಲ್ಲಿ ನಾಲ್ಕನೇ ವಾರಕ್ಕೇ ಹೂಕೋಸಿನಂತೆ ಬೆಳೆದು ನಿಂತಿತ್ತು. ಶಿವದೇವಿಯದರಲ್ಲಿ ಎಂಟು ವಾರ ತುಂಬುವವರೆಗೂ ಏನೂ ಇಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದೆವು. ಬರೀ ಹಸಿರು. ನೀಲಿ ಬಯಲಲ್ಲಿ ಹುಳ ಹುಡುಕಲು ಕಲಿತ ಮೇಲೆ, ಇಲ್ಲ ಎಂದು ನೋಡಿ ಇಷ್ಟು ಖುಷಿಪಟ್ಟದ್ದು ಇದೇ ಮೊದಲು. ಡಾಕ್ಟರು ಗುಳಿಗೆ ನಿಲ್ಲಿಸಿದರು. ಅವಳದು ಸಿಮೆಂಟಿನ ಧೂಳಿಗೆ ಎದ್ದ ಕೆಮ್ಮು ಇರಬೇಕು ಅಂದರು.

ಶಿವದೇವಿಗೆ ನಾನೇ ಹೋಗಿ ಹೇಳಿದೆ. ತಪ್ಪು ನನ್ನದು ಅಂದೆ. ಅವಳು ಕೈ ಎತ್ತಿ ನನ್ನ ಕೆನ್ನೆಗೆ ಹೊಡೆದಳು, ಜೋರಾಗಿಯೇ. ಆಮೇಲೆ, "ನಡಿ, ಬಸ್ ಎಷ್ಟಕ್ಕೈತಿ ಕೇಳೂಣು" ಅಂದಳು. ಗದಿಗೆಮ್ಮ ಬಾಯಿಮಾತಿಗೆ ನಂಬುವವಳಲ್ಲ ಎಂದು ಹೊಸ ರಿಪೋರ್ಟ್ ಹಿಡಿದು ನಾನೂ ಸುರಪುರಕ್ಕೆ ಹೋದೆ. ಮಂದಾರ ಮೊದಲು ತಾಯಿಯ ಗುರುತು ಹಿಡಿಯದೆ ಅತ್ತಳು. ಶಿವದೇವಿ ಅಲ್ಲೇ ಕೂತು, ಶೆಡ್ಡಿನಲ್ಲಿ ಜೋಳಿಗೆ ತೂಗುವಾಗ ಹಾಡುತ್ತಿದ್ದ ಜೋಗುಳ ಶುರು ಮಾಡಿದಳು. ಅರ್ಧ ತಾಸಿಗೆ ಮಗು ತಾನಾಗೇ ಅಂಬೆಗಾಲಿಟ್ಟು ಬಂದು ಅವಳ ಸೆರಗು ಹಿಡಿಯಿತು. ಈಗ ಪಕ್ಕದ ಶೆಡ್ಡಿನಲ್ಲಿ ರಚ್ಚೆ ಹಿಡಿದಿದೆ, ಇಲ್ಲಿಗೂ ಕೇಳಿಸುತ್ತಿದೆ.

ನನ್ನನ್ನು ತೆಗೆದುಹಾಕಲಿಲ್ಲ. ಮೇಡಂ ಬೈದದ್ದನ್ನು ಬರೆದರೆ ಈ ಕಾಗದ ಸಾಲುವುದಿಲ್ಲ. ಕೊನೆಗೆ ಹೇಳಿದ್ದಿಷ್ಟು: "ನೀ ಹೇಳದಿದ್ರ ನನಗ ಗೊತ್ತಾಗತಿದ್ದಿಲ್ಲ. ಅದಕ್ಕ ನೀ ಇಲ್ಲೇ ಇರು. ಆದ್ರ ಮೊದಲಿಂದ ಕಲಿ." ಆರು ತಿಂಗಳ ಲೆಕ್ಕ ಫೆಬ್ರವರಿಯಿಂದ ಮತ್ತೆ ಶುರು. ಹೊಸದಾಗಿ ಬಂದ ಇಬ್ಬರು ಹುಡುಗಿಯರಿಗೆ ಎಣ್ಣೆ ಹಾಕುವುದನ್ನು ತೋರಿಸುವ ಕೆಲಸ ನನ್ನದಂತೆ. ಗೇಣು ಎತ್ತರ ಬೇಡ, ಬೆರಳಷ್ಟು ಸಾಕು, ಆದರೆ ಹನಿ ತಾನಾಗಿಯೇ ಬೀಳಬೇಕು ಎಂದು ಹೇಳಿಕೊಡುತ್ತೇನೆ. ಈಗ ನನ್ನ ಬಾಟಲಿಯೇ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತದೆ.

ಕಾರ್ಡಿನಲ್ಲಿ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅತ್ತೀ. ಹದಿನಾಲ್ಕು ವರ್ಷದ ಹಿಂದಿನ ಸ್ಲೈಡನ್ನು ಯಾರೂ ಇಟ್ಟಿರುವುದಿಲ್ಲ. ನಿನಗೆ ರೋಗ ಖರೇ ಇತ್ತು ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಬಹುದಿತ್ತು. ಕಾಣದ್ದನ್ನು ಬರೆಯಬಾರದೆಂದು ಕಲಿತಿದ್ದೇನೆ.

ಸುಮಿ


ಮುದಗಲ್
1 ಮಾರ್ಚ್ 2023

ಸುಮೀ,

ಗೊತ್ತಿಲ್ಲ ಎಂದು ಬರೆದೆಯಲ್ಲ, ಅದೇ ಸಾಕು. ಇತ್ತು ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ, ನಿನ್ನ ಅಕ್ಷರ ನನಗೆ ಗೊತ್ತು. ಎರಡು ದಿನ ಮನಸ್ಸಿಗೆ ಕಷ್ಟವಾಯಿತು. ಮೂರನೇ ದಿನ ಅಂಗನವಾಡಿಯ ಮುಂದೆ ಹೋಗಿ ಕೂತೆ. ಮಕ್ಕಳ ಬಾಯಿ ನೋಡಿಯೇ ಅವರು ಯಾವ ಹಾಡು ಹೇಳುತ್ತಿದ್ದಾರೆಂದು ತಿಳಿಯಿತು. ಅದೊಂದು ಉಳಿದಿದೆಯಲ್ಲ ಅಂದುಕೊಂಡೆ.

ನೀನು ಕೆನ್ನೆಗೆ ಹೊಡೆಸಿಕೊಂಡದ್ದನ್ನು ಓದಿ ನಕ್ಕೆ. ಆ ಶಿವದೇವಿ ನನಗೆ ಹಿಡಿಸಿದಳು. ಮಗುವಿಗೊಂದು ಕುಲಾವಿ ಹೊಲಿಯುತ್ತಿದ್ದೇನೆ.

ಯುಗಾದಿಗೆ ರಜೆ ಕೇಳಿಕೊಂಡು ಬಾ. ರೋಗ ಚಮಚದಿಂದ ಹರಡುವುದಿಲ್ಲ ಎಂದು ಬರೆದಿದ್ದೀ. ಆ ಕಾಗದವನ್ನು ಮಡಚಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ನಿನ್ನ ಸಣ್ಣ ತಾಟನ್ನು ಅಟ್ಟಕ್ಕೆ ಹಾಕಿದೆ. ದೊಡ್ಡ ತಾಟು ತೊಳೆದಿಟ್ಟಿದ್ದೇನೆ. ಬಿಸಿ ರೊಟ್ಟಿ ಮಾಡುತ್ತೇನೆ, ಇಬ್ಬರೂ ಅದರಲ್ಲೇ ಉಣ್ಣೋಣ. ಲ್ಯಾಬಿನಲ್ಲಿ ನಿನ್ನ ಮೇಡಂ ಹೇಳಿದಂತೆ ಮಾಡು. ಇಲ್ಲಿ ಮಾತ್ರ ನಾನು ಚಮಚ ತಾಕಿಸಿಯೇ ಎಣ್ಣೆ ಹಾಕುತ್ತೇನೆ.

ನಿನ್ನ ಅತ್ತಿ
ಸುಗಲಮ್ಮ